ಏಳು ದಿನದ ಆಯುಷ್ಯ

ಗಣಪತಿ ಕೂತು ನಾಲ್ಕು ದಿನವಾಗುವ ಹೊತ್ತಿಗೆ ರೋಣದ ನಮ್ಮ ಓಣಿಗೆ ಇನ್ನೊಬ್ಬ ದೇವರು ಬರುತ್ತಾನೆ. ಅವನಿಗೆ ಗುಡಿಯಿಲ್ಲ, ಮಂಟಪವಿಲ್ಲ. ಬುಟ್ಟಿಯೇ ಅವನ ಮನೆ, ಬೇವಿನ ತಪ್ಪಲೇ ಅವನ ಹಾಸಿಗೆ. ಅಂಬಿಗೇರ ಮನೆಯ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸುತ್ತಾರೆ. ಹಸಿಮಣ್ಣಿನ ಮೈ, ಅಗಲ ಕಣ್ಣು, ಹುರಿಮೀಸೆ, ಬಾಯಿಗೆ ಮೆತ್ತಿದ ಬೆಣ್ಣೆ. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರ. ಏಳು ದಿನದ ಆಯುಷ್ಯ. ಅಷ್ಟರಲ್ಲಿ ಅವನು ಮನೆಮನೆ ತಿರುಗಬೇಕು, ಒಣಗಿದ ಹೊಲ ನೋಡಬೇಕು, ಜನರ ಸಂಕಟ ಕೇಳಿಕೊಂಡು ಹೋಗಿ ಶಿವನಿಗೆ ಹೇಳಬೇಕು. ಕೊನೆಗೆ ಅಗಸರ ಕಲ್ಲಿನ ಬಳಿ ಅವನ ಪ್ರಾಣ ಹೋಗುತ್ತದೆ. ಅವನು ಸತ್ತರೆ ಮಳೆ ಬರುತ್ತದೆ ಎಂಬುದು ನಂಬಿಕೆ. ಮಕ್ಕಳಿಲ್ಲದವರು ಅವನ ತುಟಿಗೆ ಬೆಣ್ಣೆ ಹಚ್ಚಿದರೆ ಮಡಿಲು ತುಂಬುತ್ತದೆ ಎಂಬುದೂ ನಂಬಿಕೆ.

ನನ್ನ ತಂಗಿಯ ಮಗಳು ಆರು ವರ್ಷ ಆ ತುಟಿಗೆ ಬೆಣ್ಣೆ ಹಚ್ಚಿದಳು. ನರಗುಂದಕ್ಕೆ ಕೊಟ್ಟ ಹುಡುಗಿ. ಪ್ರತಿ ಭಾದ್ರಪದಕ್ಕೆ ತವರಿಗೆ ಬಂದು ಬುಟ್ಟಿಯ ಮುಂದೆ ಕೂಡುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಏಳುತ್ತಿದ್ದಳು. ಆಮೇಲೆ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಹೋದರು. ಎರಡು ವರ್ಷದ ಕಡಲೆಯ ದುಡ್ಡು ಹೋಯಿತು, ಅವಳ ಪಾಟಲಿ ಹೋದವು. ಹನ್ನೊಂದು ಅಂಡಾಣು ತೆಗೆದರು, ಆರು ಭ್ರೂಣವಾದವು. ಮೊದಲ ಸಲ ಒಂದನ್ನು ಇಟ್ಟರು, ಅದು ನಿಲ್ಲಲಿಲ್ಲ. ಎರಡನೆಯ ಸಲ ಎರಡನ್ನು ಇಟ್ಟರು, ಒಂದು ನಿಂತಿತು. ನಿಂತದ್ದು ಈಗ ಎರಡೂವರೆ ವರ್ಷದ ಮೊಮ್ಮಗಳಾಗಿ ನನ್ನ ಕನ್ನಡಕ ಕಸಿದುಕೊಂಡು ಓಡುತ್ತದೆ. ಉಳಿದ ಮೂರು ಹುಬ್ಬಳ್ಳಿಯಲ್ಲಿಯೇ ಇವೆ, ದ್ರವ ಸಾರಜನಕದ ಹಂಡೆಯಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ.

ಈ ಸಲ ಅವಳು ಬೆಣ್ಣೆಯ ಬದಲು ಒಂದು ಕಾಗದ ಹಿಡಿದುಕೊಂಡು ಬಂದಿದ್ದಳು.

"ದೊಡ್ಡವ್ವ, ಮೂರು ಅದಾವಲ್ಲ, ಅವನ್ನ ಏನ್ ಮಾಡೂದಂತ ಕೇಳ್ಯಾರ. ನೀ ಸೈನ್ಸ್ ಕಲಿಸಿದಾಕಿ, ನೀ ಹೇಳು."

ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ್ದೇನೆ. ಕೋಶದ ಚಿತ್ರ ಬಿಡಿಸಿದ್ದೇನೆ, ಭಾಗಗಳಿಗೆ ಹೆಸರು ಬರೆಸಿದ್ದೇನೆ. ಆದರೆ ಆ ಕಾಗದದ ಮೇಲಿದ್ದ ಚೌಕಗಳಲ್ಲಿ ಯಾವುದಕ್ಕೆ ಗುರುತು ಹಾಕಬೇಕೆಂದು ಯಾವ ಪಾಠದಲ್ಲಿಯೂ ಇರಲಿಲ್ಲ. ಇನ್ನೂ ಇಟ್ಟುಕೊಳ್ಳುವುದಾದರೆ ವರ್ಷದ ಬಾಡಿಗೆ ಕಟ್ಟಬೇಕು. ಬೇಡವಾದರೆ ಅಳಿಯಲು ಬಿಡಬೇಕು. ಇಲ್ಲವೇ ಸಂಶೋಧನೆಗೆ ಕೊಡಬೇಕು. 2021ರ ಸಹಾಯಕ ಸಂತಾನೋತ್ಪತ್ತಿ ಕಾಯಿದೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ, ಆಮೇಲೆ ಅದು ನಾಶವಾಗಲು ಬಿಡಬೇಕು, ಅಥವಾ ದಂಪತಿಯ ಒಪ್ಪಿಗೆಯಿದ್ದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಒಪ್ಪಿಸಬೇಕು. ಕಾಯಿದೆ ಕೊಲ್ಲು ಎನ್ನುವುದಿಲ್ಲ, ಎಸೆ ಎನ್ನುವುದಿಲ್ಲ, ನಾಶವಾಗಲು ಬಿಡು ಎನ್ನುತ್ತದೆ. ಕಾಯಿದೆ ಬರೆದ ಕೈಯೂ ಅಲ್ಲೊಂದು ಕ್ಷಣ ತಡೆದಿರಬೇಕು ಎಂದು ನನಗೆ ಅನ್ನಿಸುತ್ತದೆ. ಬಿಡುವುದು ಎಂಬ ಮಾತನ್ನು ನಾವು ಜೀವವಿದ್ದದ್ದಕ್ಕೇ ಹೇಳುತ್ತೇವೆ: ಪ್ರಾಣ ಬಿಡುವುದು, ಊರು ಬಿಡುವುದು, ಕೈ ಬಿಡುವುದು.

ಭ್ರೂಣ ಎಂಬ ಶಬ್ದ ನಮ್ಮ ಓಣಿಗೆ ಬಂದದ್ದು ಸ್ಕ್ಯಾನಿಂಗ್ ಸೆಂಟರಿನ ಫಲಕಗಳಿಂದ. ಹೆಣ್ಣೋ ಗಂಡೋ ಎಂದು ನೋಡುವುದು ಅಪರಾಧ ಎಂದು 1994ರ ಕಾಯಿದೆಯ ಮೇರೆಗೆ ಬರೆದ ಫಲಕ. ಹಾಗಾಗಿ ಆ ಶಬ್ದದ ಬೆನ್ನಿಗೇ ಹತ್ಯೆ ಎಂಬ ಇನ್ನೊಂದು ಶಬ್ದ ಅಂಟಿಕೊಂಡು ಬಂದಿದೆ. ಅದಕ್ಕೂ ಮೊದಲು ನಮ್ಮ ಹೆಣ್ಣುಮಕ್ಕಳು ಬೇರೆ ಮಾತಿನಲ್ಲಿ ಬದುಕುತ್ತಿದ್ದರು. ದಿನ ಹೋಗ್ಯಾವ, ಬಸಿರು ನಿಂತೈತಿ, ನಿಲ್ಲಲಿಲ್ಲ. ಎಲ್ಲವೂ ನಿಲ್ಲುವುದರ ಲೆಕ್ಕ. ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬೇಡ ಎಂದು ಹಿರಿಯರು ತಾಕೀತು ಮಾಡುತ್ತಿದ್ದುದು ದೃಷ್ಟಿಯ ಭಯಕ್ಕಷ್ಟೇ ಅಲ್ಲ. ನಿಲ್ಲದೆ ಹೋಗುವವು ಎಷ್ಟೋ ಇರುತ್ತವೆ ಎಂದು ಅವರಿಗೆ ಗೊತ್ತಿತ್ತು. ವಿಜ್ಞಾನವೂ ಈಗ ಅದನ್ನೇ ಹೇಳುತ್ತದೆ: ತಾಯಿಯ ಒಡಲಿನಲ್ಲಿ ಮೂಡಿದ ಭ್ರೂಣಗಳಲ್ಲಿ ಬಹಳಷ್ಟು ಗರ್ಭಕೋಶದ ಗೋಡೆಗೆ ಅಂಟದೆಯೇ, ತಾಯಿಗೆ ಸುಳಿವೂ ಕೊಡದೆ ಜಾರಿ ಹೋಗುತ್ತವೆ. ಅವುಗಳಿಗೆ ಹೆಸರಿಲ್ಲ, ಸೂತಕವಿಲ್ಲ. ಹಾಗೆ ಹೋದದ್ದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆದರೆ ಹುಬ್ಬಳ್ಳಿಯ ಹಂಡೆಯಲ್ಲಿದ್ದ ಮೂರಕ್ಕೆ ಲೆಕ್ಕವಿದೆ, ನಂಬರಿದೆ, ರಸೀದಿಯಿದೆ. ಎಣಿಸಿದ ಮೇಲೆ ಕಳೆದುಕೊಳ್ಳುವುದು ಕಷ್ಟ.

ಅವು ಎಷ್ಟು ದೊಡ್ಡವು ಎಂದು ಅವಳು ಕೇಳಿದಳು. ಐದಾರು ದಿನದ ಭ್ರೂಣ ಕಣ್ಣಿಗೆ ಹೆಚ್ಚೆಂದರೆ ಒಂದು ಚುಕ್ಕಿ. ನೂರು ಚಿಲ್ಲರೆ ಕೋಶಗಳು, ನಡುವೆ ನೀರು ತುಂಬಿದ ಪೊಳ್ಳು, ಒಂದು ಬದಿಗೆ ಅಂಟಿಕೊಂಡ ಸಣ್ಣ ಗೊಂಚಲು. ಹೊರಗಿನ ಪದರ ಮುಂದೆ ಮಾಸು ಆಗುತ್ತದೆ, ಒಳಗಿನ ಗೊಂಚಲು ಮಗು ಆಗುತ್ತದೆ. ಗರ್ಭೋಪನಿಷತ್ತು ಒಂದು ರಾತ್ರಿಯದನ್ನು ಕಲಲವೆಂದೂ ಏಳು ರಾತ್ರಿಯದನ್ನು ಬುದ್ಬುದವೆಂದೂ ಕರೆದಿದೆ. ಬುದ್ಬುದವೆಂದರೆ ನೀರಗುಳ್ಳೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅದು ಹೇಗೆ ಹೊಳೆಯಿತೋ, ಚಿತ್ರ ಮಾತ್ರ ಸರಿಯಾಗಿದೆ. ನಮ್ಮ ಶರಣರು ಬದುಕಿನ ನಶ್ವರತೆಗೆ ಹಿಡಿದ ಹೋಲಿಕೆಯೂ ನೀರಗುಳ್ಳೆಯೇ. ನಾವು ಆ ಗುಳ್ಳೆಯನ್ನು ಲೋಹದ ಹಂಡೆಯಲ್ಲಿಟ್ಟು ಹತ್ತು ವರ್ಷದ ಗಡುವು ಬರೆದಿದ್ದೇವೆ.

ಆದರೆ ಗುಳ್ಳೆಯೊಳಗೆ ಜೀವ ಯಾವಾಗ ಬಂತು? ನಮ್ಮ ಪರಂಪರೆ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ತಂದೆಯದು ಮತ್ತು ತಾಯಿಯದು ಜೀವದೊಡನೆ ಕೂಡಿದಾಗಲೇ ಅದಕ್ಕೆ ಗರ್ಭವೆಂಬ ಹೆಸರು ಎನ್ನುತ್ತದೆ ಚರಕಸಂಹಿತೆ. ಏಳನೆಯ ತಿಂಗಳಲ್ಲಿ ಜೀವ ಸೇರುತ್ತದೆ ಎನ್ನುತ್ತದೆ ಗರ್ಭೋಪನಿಷತ್ತು. ಲಿಂಗಾಯತರಲ್ಲಿ ಎಂಟನೆಯ ತಿಂಗಳಿಗೆ ಗರ್ಭದಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡಿಸುವ ಪದ್ಧತಿಯುಂಟು. ಹುಟ್ಟುವ ಮೊದಲೇ ಅದು ಭಕ್ತನಾಯಿತು, ಗುರುವಿನ ಲೆಕ್ಕಕ್ಕೆ ಬಂತು. ಹೊರಗಿನ ಮತಗಳಲ್ಲಿಯೂ ಹೀಗೇ. ಕೂಡಿದ ಕ್ಷಣದಿಂದಲೇ ಅದು ಮನುಷ್ಯನಂತೆ ಗೌರವಕ್ಕೆ ಅರ್ಹ ಎಂದು ಕ್ಯಾಥೊಲಿಕ್ ಚರ್ಚ್ ಕಟ್ಟುನಿಟ್ಟಾಗಿ ನಿಂತಿದೆ. ನೂರಿಪ್ಪತ್ತನೆಯ ದಿನಕ್ಕೆ ಆತ್ಮ ಬರುತ್ತದೆ ಎಂದು ಇಸ್ಲಾಮಿನ ಅನೇಕ ವಿದ್ವಾಂಸರು ಎಣಿಸುತ್ತಾರೆ. ಇಷ್ಟು ಬಾಗಿಲುಗಳಲ್ಲಿ ಜೀವ ಯಾವುದರಿಂದ ಒಳಗೆ ಬಂತೆಂದು ನೋಡಿ ಬಂದವರು ಯಾರೂ ಇಲ್ಲ.

1984ರಲ್ಲಿ ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಎಂಬ ತತ್ತ್ವಜ್ಞಾನಿಯ ಅಧ್ಯಕ್ಷತೆಯ ಸಮಿತಿ ಬೇರೆ ರೀತಿಯಲ್ಲಿ ಯೋಚಿಸಿತು. ಜೀವ ಯಾವಾಗ ಬಂತೆಂದು ಕೇಳುತ್ತ ಕೂತರೆ ಮುಗಿಯುವುದಿಲ್ಲ. ಪ್ರಯೋಗಾಲಯದಲ್ಲಿ ಯಾವ ದಿನದ ಆಚೆಗೆ ನಾವು ಭ್ರೂಣಕ್ಕೆ ಕೈ ಹಾಕಬಾರದು ಎಂದು ಒಪ್ಪಿಕೊಳ್ಳೋಣ. ಹದಿನಾಲ್ಕು ದಿನ ಎಂದರು. ಅಷ್ಟರ ಹೊತ್ತಿಗೆ ಭ್ರೂಣದಲ್ಲಿ ಬೆನ್ನಿನ ಮೊದಲ ಗೆರೆ ಮೂಡುತ್ತದೆ; ಅದಕ್ಕಿಂತ ಮೊದಲು ಒಂದು ಭ್ರೂಣ ಎರಡಾಗಿ ಅವಳಿಯಾಗಬಹುದು, ಗೆರೆ ಮೂಡಿದ ಮೇಲೆ ಅದು ಒಂದೇ. 1990ರಲ್ಲಿ ಅದು ಅಲ್ಲಿ ಕಾನೂನಾಯಿತು. ನಮ್ಮ ದೇಶದ ಸಂಶೋಧನಾ ಮಾರ್ಗಸೂಚಿಗಳೂ ಅದೇ ಗೆರೆಯನ್ನು ಒಪ್ಪಿವೆ. ಇದೊಂದು ಬಾಂದಗಲ್ಲು. ಹೊಲದ ಬಾಂದಗಲ್ಲು ಮಣ್ಣಿನೊಳಗಿಂದ ಹುಟ್ಟಿ ಬಂದದ್ದಲ್ಲ, ನಾವು ನೆಟ್ಟದ್ದು. ನೆಟ್ಟದ್ದೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ, ಅದಿಲ್ಲದೆ ಅಣ್ಣತಮ್ಮಂದಿರು ಬದುಕಲಾರರು. 2021ರಲ್ಲಿ ಸ್ಟೆಮ್ ಸೆಲ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಆ ಕಲ್ಲನ್ನು ಸಡಿಲಿಸಿತು. ಹದಿನಾಲ್ಕರ ಆಚೆಗೆ ಹೋಗುವುದನ್ನು ನಿಷಿದ್ಧಗಳ ಪಟ್ಟಿಯಿಂದ ತೆಗೆಯಿತು. ಅವರ ಕಾರಣಗಳು ಹುರುಳಿಲ್ಲದವೇನಲ್ಲ. ಆದರೂ ಬಾಂದಗಲ್ಲು ಸರಿದ ಸುದ್ದಿ ಕೇಳಿದಾಗ ನಮ್ಮ ಎರಿಹೊಲದ ಕಡೆಯವರಿಗೆ ಎದೆ ಸ್ವಲ್ಪ ಝಲ್ಲೆನ್ನುತ್ತದೆ.

ಅವಳು ಕಾಗದ ತೋರಿಸಿದ ದಿನ ನಮ್ಮ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎಂಬತ್ತಾರು ವರ್ಷ, ಕಿವಿ ಮಂದ, ಬೇಕಾದದ್ದು ಮಾತ್ರ ಕೇಳಿಸುತ್ತದೆ. ಎಲ್ಲ ಕೇಳಿಸಿಕೊಂಡು ಅಂದಳು: "ಹೊಲದಾಗ ಚೆಲ್ಲಿದ ಕಾಳೆಲ್ಲಾ ಬೆಳೀತಾವೇನ?" ತಂಗಿಯ ಮಗಳ ಮನಸ್ಸು ಹಗುರವಾಯಿತೆಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಮೊರದಿಂದ ಸಿಡಿದ ನಾಲ್ಕು ಕಾಳಿನ ಮೇಲೆ ಕೂಸು ಕಾಲಿಡಲು ಹೋಯಿತು. ಅವ್ವ ತಟ್ಟನೆ ಕೈ ಅಡ್ಡ ಹಾಕಿದಳು: "ಏ, ಕಾಳು ತುಳೀಬ್ಯಾಡವಾ." ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಮೊರಕ್ಕೆ ಹಾಕಿದಳು.

ಆ ಎರಡು ಮಾತನ್ನು ನಾನು ಆಮೇಲೆ ಬಹಳ ದಿನ ತೂಗಿ ನೋಡಿದೆ. ಒಂದೊಂದು ಜೋಳದ ಕಾಳಿನೊಳಗೂ ಒಂದು ಭ್ರೂಣವಿದೆ. ಮಕ್ಕಳಿಗೆ ನೆನೆಹಾಕಿದ ಕಾಳು ಸೀಳಿ ತೋರಿಸಿದ್ದೇನೆ. ಆದರೂ ನಾವು ಅದನ್ನು ಬೀಸಿ ರೊಟ್ಟಿ ಬಡಿಯುತ್ತೇವೆ. ಹಾಲುಗಾಳಿದ್ದಾಗಲೇ ತೆನೆ ಸುಟ್ಟು ಸೀತನಿ ತಿನ್ನುತ್ತೇವೆ, ಅದು ಹಬ್ಬದಂಥ ಊಟ. ಒಂದೇ ರಾಶಿ, ಒಂದೇ ಕಣ. ಅವ್ವನ ಕೈ ಅದರಲ್ಲಿ ಕೆಲವು ತೆನೆಗಳನ್ನು ಆರಿಸಿ ಜಂತಿಗೆ ಕಟ್ಟುತ್ತಿತ್ತು, ಉಳಿದದ್ದು ಹಗೇವಿಗೆ ಹೋಗುತ್ತಿತ್ತು. ಜಂತಿಯದು ಬೀಜ, ಹಗೇವಿನದು ಅನ್ನ. ಕಾಳಿನೊಳಗೆ ವ್ಯತ್ಯಾಸವಿರಲಿಲ್ಲ, ಆರಿಸಿದ ಕೈಯಲ್ಲಿತ್ತು. ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿಯೂ ಒಂದು ಕೈ ಆರಿಸಿತು. ಇದು ಚೆನ್ನಾಗಿದೆ, ಇದನ್ನು ಮೊದಲು ಇಡೋಣ, ಇದು ಆಮೇಲಿರಲಿ. ಹಾಗೆ ಆಮೇಲೆಗೆ ಉಳಿದದ್ದು ಈ ಮೂರು. ಮೊಮ್ಮಗಳು ಮೊಮ್ಮಗಳಾದದ್ದು ಆ ಕೈಯ ಒಂದು ಕ್ಷಣದ ಆಯ್ಕೆಯಿಂದ ಎಂದು ನೆನೆದರೆ ನನಗೆ ಅವಳನ್ನು ಗಟ್ಟಿಯಾಗಿ ಅಪ್ಪಿಕೊಳ್ಳಬೇಕೆನಿಸುತ್ತದೆ.

ಮನುಷ್ಯ ಜೋಳವಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಜೋಳಕ್ಕೆ ಅಪ್ಪ ಅವ್ವ ಇಲ್ಲ, ಆರು ವರ್ಷದ ಹರಕೆಯಿಲ್ಲ. ಈ ಮೂರಕ್ಕೆ ಬೆಲೆ ಬಂದದ್ದು ಎಲ್ಲಿಂದ? ಅವುಗಳ ಒಳಗಿನಿಂದಲೇ ಬಂತೋ, ಅವುಗಳನ್ನು ಬಯಸಿದ ಮನಸ್ಸಿನಿಂದ ಬಂತೋ? ಬಯಕೆಯಿಂದ ಬಂದದ್ದಾದರೆ, ಬಯಕೆ ತೀರಿದ ಮೇಲೆ ಬೆಲೆಯೂ ತೀರಿಹೋಗುತ್ತದೆಯೇ? ಹಾಗಾಗುವುದಾದರೆ ಮುದುಕರ ಗತಿಯೇನು, ಯಾರಿಗೂ ಬೇಡವಾದವರ ಗತಿಯೇನು? ಈ ಪ್ರಶ್ನೆಯಲ್ಲಿ ಭ್ರೂಣಕ್ಕೆ ಕೈ ಹಾಕಲೇಬಾರದು ಎನ್ನುವವರ ಮಾತಿಗೆ ನಿಜವಾದ ತೂಕವಿದೆ, ಅದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವವರು ಅವಸರ ಮಾಡುತ್ತಿದ್ದಾರೆ.

ಮಕ್ಕಳಿಲ್ಲದಿರುವುದು ನರಗುಂದದಲ್ಲಿ ಒಂದು ರಾಜ್ಯವನ್ನೇ ನುಂಗಿದ ಸಂಗತಿ. ಅಲ್ಲಿಯ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ಗಂಡು ಸಂತಾನವಿರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ಅವನು ಬಂಡೆದ್ದ. ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಉರುಳಿತು. ಕೆಲವೇ ದಿನಗಳಲ್ಲಿ ಗುಡ್ಡದ ಕೋಟೆ ಬಿತ್ತು, ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರೆಂದು ಊರವರು ಇಂದಿಗೂ ಹೇಳುತ್ತಾರೆ. ಅದೇ ಗುಡ್ಡದ ಬುಡದ ಮನೆಯಲ್ಲಿ ನನ್ನ ತಂಗಿಯ ಮಗಳು ಬಂಜೆ ಎಂಬ ಮಾತನ್ನು ಆರು ವರ್ಷ ನುಂಗಿದಳು. ಅಂದು ಬೇಕೆಂದರೂ ಒಂದು ಹೆಸರು ಮುಂದುವರಿಯಲು ಬಿಡಲಿಲ್ಲ. ಇಂದು ಅವಳ ಹೆಸರಿನಲ್ಲಿ ಮೂರು ಮುಂದುವರಿಕೆಗಳು ಹಂಡೆಯಲ್ಲಿ ಕಾಯುತ್ತಿವೆ, ಅವಳಿಗೆ ಇನ್ನೊಂದು ಬಸಿರು ಹೊರುವ ಶಕ್ತಿಯಿಲ್ಲ. ಇಲ್ಲದಿರುವುದರ ದುಃಖವನ್ನು ಹೇಳಲು ನಮ್ಮಲ್ಲಿ ಹಾಡುಗಳಿವೆ. ಹೆಚ್ಚಾಗಿ ಉಳಿದದ್ದರ ದುಃಖಕ್ಕೆ ಇನ್ನೂ ಯಾವ ಹೆಣ್ಣೂ ಹಾಡು ಕಟ್ಟಿಲ್ಲ.

ಸಂಶೋಧನೆಗೆ ಕೊಟ್ಟರೆ ಏನು ಮಾಡುತ್ತಾರೆ ಎಂದು ಅವಳು ಕೇಳಿದಳು. ಮುಚ್ಚಿಡದೆ ಹೇಳಿದೆ. ಒಳಗಿನ ಗೊಂಚಲನ್ನು ಬಿಡಿಸಿ ತೆಗೆದು, ಅದಕ್ಕೆ ಬೇಕಾದ ಆಹಾರ ಕೊಟ್ಟು ಬೆಳೆಸುತ್ತಾರೆ. ಗುಳ್ಳೆ ಒಡೆಯುತ್ತದೆ, ಅದು ಇನ್ನು ಭ್ರೂಣವಾಗಿ ಉಳಿಯುವುದಿಲ್ಲ. ಉಳಿಯುವುದು ಆಕರಕೋಶ, ಸ್ಟೆಮ್ ಸೆಲ್. ಕೆಲವರು ಕಾಂಡಕೋಶ ಎಂದು ಬರೆಯುತ್ತಾರೆ. ನನಗೆ ಆಕರವೇ ಒಪ್ಪಿಗೆ, ಏಕೆಂದರೆ ಕಾಂಡ ಈಗಾಗಲೇ ಏನೋ ಒಂದು ಆಗಿಬಿಟ್ಟಿದೆ, ಆಕರ ಇನ್ನೂ ಏನೂ ಆಗಿಲ್ಲ. ಮನುಷ್ಯ ಭ್ರೂಣದಿಂದ ಇಂಥ ಕೋಶಗಳನ್ನು ಮೊದಲು ಬೇರ್ಪಡಿಸಿ ಬೆಳೆಸಿದ್ದು ಅಮೆರಿಕದ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್, 1998ರಲ್ಲಿ. ಮೂರು ವರ್ಷಕ್ಕೆ ಅಲ್ಲಿ ದೊಡ್ಡ ಜಗಳವಾಯಿತು. 2001ರ ಆಗಸ್ಟ್ 9ರಂದು ಅಧ್ಯಕ್ಷ ಬುಷ್, ಈಗಾಗಲೇ ಇರುವ ಕೋಶಸಾಲುಗಳ ಮೇಲಿನ ಕೆಲಸಕ್ಕೆ ಸರಕಾರದ ಹಣ ಸಿಗಲಿ, ಇನ್ನು ಮುಂದೆ ಭ್ರೂಣ ಒಡೆದು ತೆಗೆದವಕ್ಕೆ ಬೇಡ ಎಂದರು. ಹಾಗೆ ಅರ್ಹವಾದ 64 ಸಾಲುಗಳ ಪಟ್ಟಿ ಬಂತು. ಅದರಲ್ಲಿ ಮೂರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು. ದೂರದ ಮನೆಯ ಜಗಳದಲ್ಲಿ ನಮ್ಮ ನಾಡಿನ ಹೆಸರು ಹೀಗೆ ಬಂದಿತ್ತು. 2006ರಲ್ಲಿ ಅದೇ ಅಧ್ಯಕ್ಷ ಆ ಕಟ್ಟು ಸಡಿಲಿಸುವ ಮಸೂದೆಯನ್ನು ತಿರಸ್ಕರಿಸಿದಾಗ, ಬೇರೆಯವರು ಬಿಟ್ಟ ಭ್ರೂಣದಿಂದ ಹುಟ್ಟಿದ ಮಕ್ಕಳನ್ನು ಸುತ್ತ ಕೂಡಿಸಿಕೊಂಡಿದ್ದರು. ಆ ಮಕ್ಕಳ ಮುಖ ನೋಡಿದ ಮೇಲೆ ಹೆಚ್ಚುವರಿ ಎಂಬ ಪದವನ್ನು ಸರಾಗವಾಗಿ ಬಳಸಲು ಯಾರಿಗೂ ಬರಬಾರದು.

ಬೆಂಗಳೂರಿನ ಇನ್ನೊಂದು ಕೆಲಸ ನನ್ನ ಮನಸ್ಸಿನಲ್ಲಿ ಬಹಳ ಕಾಲ ಉಳಿದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಮತ್ತು ಅವರ ಸಂಗಡಿಗರು 2009ರಲ್ಲಿ ಎರಡು ಕೋಶಸಾಲುಗಳ ವಿವರ ಪ್ರಕಟಿಸಿದರು. ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂದು ಅವುಗಳ ಹೆಸರು. ಅವು ಬಂದದ್ದು ಮೂರನೆಯ ದರ್ಜೆಯ ಭ್ರೂಣಗಳಿಂದ, ಅಂದರೆ ಗರ್ಭದಲ್ಲಿಡಲು ಯೋಗ್ಯವಲ್ಲವೆಂದು ಬದಿಗಿಟ್ಟವುಗಳಿಂದ. ಎರಡೂ ಒಂದೇ ತಂದೆತಾಯಿಯವು. ಇವನ್ನು ನಾವು ಕನ್ನಡದಲ್ಲಿ ಏನೆನ್ನಬೇಕು? ಒಡಹುಟ್ಟಿದವು ಎನ್ನೋಣವೆಂದರೆ ಅವು ಹುಟ್ಟಲೇ ಇಲ್ಲ. ಹುಟ್ಟದವರ ನಡುವಿನ ನಂಟಿಗೆ ನಮ್ಮ ಭಾಷೆಯಲ್ಲಿ ಹೆಸರಿಲ್ಲ. ಆದರೆ ಹುಟ್ಟಲು ಬಾರದವೆಂದು ಬಿಟ್ಟ ಆ ಎರಡು ಇಂದಿಗೂ ಅಳಿದಿಲ್ಲ. ಒಡೆಯುತ್ತ, ಹೆಚ್ಚುತ್ತ, ಪಾತ್ರೆಯಿಂದ ಪಾತ್ರೆಗೆ ದಾಟುತ್ತ, ಅವುಗಳನ್ನು ಹೆತ್ತವರಿಗಿಂತ ಹೆಚ್ಚು ಕಾಲ ಇರಬಲ್ಲವು. ಸರಿಯಾಗಿ ನೋಡಿಕೊಂಡರೆ ಆಕರಕೋಶಕ್ಕೆ ಮುಪ್ಪಿಲ್ಲ.

ಅದೇಕೆ ಹೀಗೆ ಎಂದು ಯೋಚಿಸಿದಾಗಲೆಲ್ಲ ನನಗೆ ಒಂದು ರೀತಿಯ ನಡುಕ ಬರುತ್ತದೆ. ಆಕರಕೋಶಕ್ಕೆ ಸಾವಿಲ್ಲದಿರುವುದು ಅದು ಇನ್ನೂ ಏನೂ ಆಗದಿರುವುದರಿಂದ. ಹೃದಯವಾಗಬಹುದು, ನರವಾಗಬಹುದು, ರಕ್ತವಾಗಬಹುದು. ಎಲ್ಲಿಯವರೆಗೆ ಬಹುದು ಇದೆಯೋ ಅಲ್ಲಿಯವರೆಗೆ ಅದು ಉಳಿಯುತ್ತದೆ. ಒಂದು ಆಯಿತೋ, ಆಗ ಎಣಿಕೆ ಶುರುವಾಗುತ್ತದೆ. ಬಸಿರಿನಲ್ಲಿ ಕೂಸಿನ ಕೈ ಮೊದಲು ಹುಟ್ಟಿನ ಅಲಗಿನಂತೆ ಮೊಂಡಾಗಿರುತ್ತದೆ. ನಡುವಿನ ಕೋಶಗಳು ಸಾಯುತ್ತ ಹೋದಂತೆ ಐದು ಬೆರಳು ಬಿಡಿಸಿಕೊಂಡು ಬರುತ್ತವೆ. ಸಾವು ಕೆತ್ತದಿದ್ದರೆ ಬೆರಳಿಲ್ಲ, ಬೆರಳಿಲ್ಲದಿದ್ದರೆ ನನ್ನ ಕನ್ನಡಕ ಕಸಿಯುವ ಕೈಯಿಲ್ಲ. ಮೊಮ್ಮಗಳು ಮುಪ್ಪಾಗುತ್ತಾಳೆ, ಒಂದು ದಿನ ಇರುವುದಿಲ್ಲ. ಅವಳು ಅವಳೇ ಆದದ್ದಕ್ಕೆ ಕೊಟ್ಟ ಬೆಲೆ ಅದು. ಜಕ್ಕೂರಿನ ಎರಡಕ್ಕೆ ಆ ಬೆಲೆ ಕೊಡುವ ಪ್ರಸಂಗ ಬರಲಿಲ್ಲ, ಆದ್ದರಿಂದ ಅವುಗಳನ್ನು ಕೂಗಿ ಕರೆಯುವ ಹೆಸರೂ ಬರಲಿಲ್ಲ. ಇದರಲ್ಲಿ ಯಾರು ಗಳಿಸಿದರು, ಯಾರು ಕಳೆದುಕೊಂಡರು? ಅಮರತ್ವವನ್ನು ನಾವು ದೊಡ್ಡ ವರವೆಂದು ಕಥೆಗಳಲ್ಲಿ ಕೇಳಿದ್ದೇವೆ. ಪ್ರಯೋಗಾಲಯದ ತಟ್ಟೆಯಲ್ಲಿ ಅದು ನಿಜವಾಗಿ ಕಂಡಾಗ, ಅದನ್ನು ನನ್ನವರಿಗೆ ಬೇಡಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಗಜೇಂದ್ರಗಡದಲ್ಲಿ ನನ್ನ ಸೋದರಮಾವನಿದ್ದಾನೆ. ಕೈಮಗ್ಗದ ಮುಂದೆ ಐವತ್ತು ವರ್ಷ ಪಟ್ಟೇದಂಚಿನ ಸೀರೆ ನೇಯ್ದ ಕೈ. ಈಗ ಆ ಕೈ ಚಹದ ಬಟ್ಟಲನ್ನು ತುಟಿಯ ತನಕ ತರಲಾರದು, ಪಾರ್ಕಿನ್ಸನ್ ಎಂದಿದ್ದಾರೆ. ಅವನ ಮಿದುಳಿನಲ್ಲಿ ಒಂದು ಬಗೆಯ ನರಕೋಶಗಳು ಅಳಿಯುತ್ತಿವೆ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ವರದಿ ಬಂತು: ಭ್ರೂಣದ ಆಕರಕೋಶಗಳಿಂದ ಬೆಳೆಸಿದ ನರಕೋಶಗಳನ್ನು ಹನ್ನೆರಡು ಮಂದಿ ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಇಟ್ಟು ನೋಡಿದ್ದಾರೆ, ಮೊದಲ ಹಂತ ಅಪಾಯವಿಲ್ಲದೆ ದಾಟಿದೆ. ಮಾವನ ಕಾಲಕ್ಕೆ ಅದು ಗಜೇಂದ್ರಗಡದ ಗುಡ್ಡ ಹತ್ತುವುದಿಲ್ಲ, ನನಗೆ ಗೊತ್ತು. ಅವನ ಮಗ ಪೇಪರಿನಲ್ಲಿ ಯಾವುದೋ ಜಾಹೀರಾತು ನೋಡಿ ಸ್ಟೆಮ್ ಸೆಲ್ ಚಿಕಿತ್ಸೆಗೆ ಹೊಲ ಮಾರುವ ಮಾತಾಡಿದಾಗ ನಾನೇ ತಡೆದೆ. ಅನುಮೋದನೆ ಪಡೆದ ಪ್ರಯೋಗದ ಹೊರಗೆ ಹಾಗೆ ಮಾಡುವುದು ವೃತ್ತಿದ್ರೋಹವೆಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಬರೆದಿದೆ. ರಕ್ತದ ಕೆಲವು ರೋಗಗಳಿಗೆ ಮಾಡುವ ಕಸಿಯಷ್ಟೇ ಅದಕ್ಕೆ ಹೊರತು. ನಡುಗುವವರ ಆಸೆಯನ್ನು ಮಾರಿಕೊಂಡು ತಿನ್ನುವವರ ಬಗ್ಗೆ ನನಗೆ ಯಾವ ದ್ವಂದ್ವವೂ ಇಲ್ಲ.

ಆದರೂ ಮಾವನ ಕೈ ನೋಡಿ ಬಂದ ರಾತ್ರಿ ಮೂರು ಚುಕ್ಕಿಗಳ ಪ್ರಶ್ನೆ ಬೇರೆಯಾಗಿಯೇ ಕಾಣುತ್ತದೆ. ಹಂಡೆಯಲ್ಲಿ ಸುಮ್ಮನೆ ಅಳಿಯುವುದಕ್ಕೂ ಯಾರದೋ ಕೈ ನಿಲ್ಲಿಸುವ ದಾರಿಯಲ್ಲಿ ಒಂದು ಕಲ್ಲಾಗುವುದಕ್ಕೂ ವ್ಯತ್ಯಾಸವಿಲ್ಲವೇ? ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಒಮ್ಮೆ ಗೆಳೆಯನ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಭ್ರೂಣವೊಂದನ್ನು ನೋಡಿದಾಗ ಅವರಿಗೆ ತಮ್ಮ ಹೆಣ್ಣುಮಕ್ಕಳು ನೆನಪಾದರಂತೆ. ಬೇರೆ ದಾರಿ ಇರಲೇಬೇಕೆಂದು ಹುಡುಕಿದರು. 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಚರ್ಮದ ಕೋಶಗಳನ್ನೇ ಹಿಂದಕ್ಕೆ ತಿರುಗಿಸಿ ಆಕರಕೋಶದಂತೆ ಮಾಡಿದರು. 2012ರಲ್ಲಿ ನೊಬೆಲ್ ಬಂತು. ಜಗಳ ಮುಗಿಯಿತೆಂದು ಹಲವರು ಅಂದರು. ಜಗಳ ತಣ್ಣಗಾಯಿತು, ಹಂಡೆಗಳು ಖಾಲಿಯಾಗಲಿಲ್ಲ. ಮಕ್ಕಳನ್ನು ಬಯಸುವವರು ಇರುವ ತನಕ ಹೆಚ್ಚಾಗಿ ಉಳಿಯುವುದು ಇದ್ದೇ ಇರುತ್ತದೆ.

ಹಾಗಾಗಿ ನಾನು ಅವಳಿಗೆ ಕೊಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೊಟ್ಟರೆ ತಪ್ಪಿಲ್ಲ ಎಂದು ಮಾತ್ರ ಹೇಳಿದೆ. ಅದು ನನ್ನ ನಂಬಿಕೆ: ಕಾಳೆಲ್ಲ ಬೆಳೆಯಬೇಕಿಲ್ಲ, ಆದರೆ ತುಳಿಯಬಾರದು. ತುಳಿಯುವುದು ಮತ್ತು ಬೀಸುವುದು ಒಂದೇ ಅಲ್ಲ. ನಡುವೆ ಇರುವುದು ಕೈಯ ಎಚ್ಚರ, ಕಣ್ಣಿಗೊತ್ತಿಕೊಳ್ಳುವ ಒಂದು ಗಳಿಗೆ. ಹಸುಗೂಸು ಸತ್ತರೆ ನಮ್ಮಲ್ಲಿ ಸುಡುವ ಮನೆಯವರೂ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ದೊಡ್ಡವರ ವಿಧಿಗಳಾವುವೂ ಅದಕ್ಕಿಲ್ಲ. ಆದರೂ ಯಾರೋ ಒಬ್ಬರು ಎದೆಗವಚಿಕೊಂಡು ಹೋಗಿ ಕುಣಿ ತೋಡಿ ಬರುತ್ತಾರೆ. ಅಷ್ಟು ಸಣ್ಣದಕ್ಕೆ ಅಷ್ಟೇ ಸಣ್ಣ ವಿಧಿ. ಇದಕ್ಕಿಂತಲೂ ಸಣ್ಣದಾದ ಮೂರಕ್ಕೆ ಏನಿದೆ ಎಂದು ಹುಡುಕಿದರೆ ಕಾಗದದ ಮೇಲಿನ ಚೌಕ ಮಾತ್ರ ಸಿಕ್ಕಿತು.

ಹುಣ್ಣಿಮೆಯ ದಿನ ಬುಟ್ಟಿ ಕೊನೆಯ ಸಲ ನಮ್ಮ ಓಣಿಗೆ ಬಂತು. ಏಳು ದಿನಕ್ಕೆ ಮಣ್ಣು ಬಿರಿದಿತ್ತು, ಬೇವು ಬಾಡಿತ್ತು, ಮೀಸೆಯ ಕಪ್ಪು ಬೆಣ್ಣೆಗೆ ಹರಡಿಕೊಂಡಿತ್ತು. ಮೊರದಲ್ಲಿ ಜೋಳ ಕೊಟ್ಟೆವು. ಅವರು ಬೇವಿನೆಲೆಯೊಂದಿಗೆ ಒಂದು ಹಿಡಿ ಕಾಳು ತಿರುಗಿ ಕೊಟ್ಟರು, ಹೊಲಕ್ಕೆ ಚೆಲ್ಲಲು. ಕುಂಬಾರ ಇವನನ್ನು ಮಾಡುವಾಗಲೇ ಸಾವಿನ ದಿನ ಗೊತ್ತು. ಬೆಣ್ಣೆ ಹಚ್ಚುವಾಗಲೂ ಗೊತ್ತು. ಗೊತ್ತಿದ್ದೇ ಹೊತ್ತು ತಿರುಗುತ್ತಾರೆ, ಗೊತ್ತಿದ್ದೇ ಹಾಡುತ್ತಾರೆ. ರಾತ್ರಿ ಅಗಸರ ಕಲ್ಲಿನ ಕಡೆ ಏನಾಗುತ್ತದೆಂದು ಊರಿಗೆಲ್ಲ ತಿಳಿದಿರುತ್ತದೆ. ಆಮೇಲೆ ಮೂರು ದಿನ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ, ಅಲ್ಲಿ ಅವನ ಅಳು ಕೇಳುತ್ತದೆ ಎನ್ನುತ್ತಾರೆ.

ಬುಟ್ಟಿ ಓಣಿಯ ತಿರುವು ದಾಟುವ ತನಕ ಅವಳು ಕಟ್ಟೆಯ ಮೇಲೆ ನಿಂತು ನೋಡಿದಳು. ಒಳಗೆ ಬಂದು ಗಂಡನಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದಳು. ಆಮೇಲೆ ಕಾಗದ ತೆಗೆದು ಸಂಶೋಧನೆಯ ಚೌಕಕ್ಕೆ ಗುರುತು ಹಾಕಿದಳು, ಸಹಿ ಮಾಡಿದಳು. ಗಂಡನ ಸಹಿಯ ಜಾಗ ಬಿಟ್ಟಳು. ಪೆನ್ನು ಕೆಳಗಿಡಲಿಲ್ಲ.

"ದೊಡ್ಡವ್ವ, ಅವನ್ನ ಹೊರಗ ತೆಗೆಯೋ ದಿನ ನಮಗ ಹೇಳ್ತಾರಂತೇನ?"

ಕಾಗದವನ್ನು ಮೇಲಿನಿಂದ ಕೆಳಗಿನ ತನಕ ಮತ್ತೊಮ್ಮೆ ಓದಿದೆ. ಅದಕ್ಕೊಂದು ಜಾಗ ಇರಲಿಲ್ಲ. ಅವಳು ಇಂಗ್ಲಿಷಿನಲ್ಲಿ ಅಚ್ಚಾದ ಆ ಹಾಳೆಯ ಅಂಚಿನಲ್ಲಿ, ಸಹಿಯ ಕೆಳಗೆ, ನೀಲಿ ಶಾಯಿಯಲ್ಲಿ ಕನ್ನಡದಲ್ಲಿ ಬರೆದಳು: ತೆಗೆಯುವ ದಿನ ಮುಂಚಿತವಾಗಿ ತಿಳಿಸಬೇಕು. ಬರೆದು, ಅದರ ಪಕ್ಕದಲ್ಲಿ ತನ್ನ ಫೋನ್ ನಂಬರ್ ಹಾಕಿದಳು.